ಸಹಿಗೆ ಮೊದಲು ಓದುವವರು ಯಾರು? ವಿಶ್ವವಿದ್ಯಾಲಯವೊಂದರ ಸಂಶೋಧನಾ ಸೇವೆಗಳ ವಿಮರ್ಶೆ

ಹೋಟೆಲಿನ ಸಾಂಬಾರಿನ ಬಗ್ಗೆ, ಆರು ತಿಂಗಳಿಗೇ ಕೆಟ್ಟ ಮಿಕ್ಸಿಯ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ವಿಶ್ವವಿದ್ಯಾಲಯವು ತನ್ನ ಅಧ್ಯಾಪಕರಿಗೆ ಒದಗಿಸುವ ಕಚೇರಿ ಸೇವೆಯ ಬಗ್ಗೆ ಮಾತ್ರ ಸ್ಟಾಫ್ ರೂಮಿನ ಗೊಣಗಾಟವನ್ನು ಬಿಟ್ಟರೆ ಬರಹದಲ್ಲಿ ಏನೂ ಸಿಗುವುದಿಲ್ಲ. ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಮಲೆನಾಡಿನ ಉಪ್ಪಾಗೆ ಹಣ್ಣಿನ ಸಿಪ್ಪೆಯಿಂದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಕಡಿಮೆ ಶಾಖದಲ್ಲಿ ಬೇರ್ಪಡಿಸುವ ಕೆಲಸದಲ್ಲಿ ತೊಡಗಿರುವ ನಾನು, ಕಳೆದ ಕೆಲವು ವರ್ಷಗಳಲ್ಲಿ ಮೂರು ವಿಭಾಗಗಳ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದ್ದೇನೆ: ಹೊರಗಿನವರೊಂದಿಗೆ ಸಂಶೋಧನಾ ಒಪ್ಪಂದ ಮಾಡಿಕೊಡುವ ಯೋಜನಾ ವಿಭಾಗ, ಆವಿಷ್ಕಾರಗಳಿಗೆ ಪೇಟೆಂಟ್ ಕೊಡಿಸುವ ಬೌದ್ಧಿಕ ಆಸ್ತಿ ಕೋಶ ಮತ್ತು ಉಪಕರಣ ಕೊಂಡುಕೊಡುವ ಖರೀದಿ ವಿಭಾಗ. ಐದು ಅಂಕಗಳಲ್ಲಿ ಯೋಜನಾ ವಿಭಾಗಕ್ಕೆ ಎರಡು, ಬೌದ್ಧಿಕ ಆಸ್ತಿ ಕೋಶಕ್ಕೆ ಮೂರು, ಖರೀದಿ ವಿಭಾಗಕ್ಕೆ ನಾಲ್ಕು ಕೊಡುತ್ತೇನೆ. ಕೊನೆಯ ಅಂಕವನ್ನು ನೋಡಿ ಸಹೋದ್ಯೋಗಿಗಳು ನಗುವುದು ಖಂಡಿತ, ಏಕೆಂದರೆ ನಮ್ಮಲ್ಲಿ ಬೈಸಿಕೊಳ್ಳುವ ಸರದಿ ಯಾವಾಗಲೂ ಖರೀದಿಯವರದೇ.

ಯೋಜನಾ ವಿಭಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎರಡು ಕಡೆ ನಾನು ಪಟ್ಟ ಪಾಡಿನ ಅರ್ಧದಷ್ಟಕ್ಕೆ ಬೀಜ ಬಿದ್ದದ್ದು ಅಲ್ಲಿ. ಸರ್ಕಾರಿ ಅನುದಾನದ ಯೋಜನೆಗಳ ಮಟ್ಟಿಗೆ ಅಲ್ಲಿನ ಸೇವೆ ಕೆಟ್ಟದ್ದೇನಲ್ಲ. ಮಂಜೂರಾತಿ ಪತ್ರ ಬಂದ ಮೇಲೆ ಖಾತೆ ತೆರೆಯುವುದು, ಯೋಜನಾ ಸಹಾಯಕರ ನೇಮಕಕ್ಕೆ ಸಂದರ್ಶನ ಸಮಿತಿ ರಚಿಸುವುದು, ವರ್ಷದ ಕೊನೆಗೆ ಹಣ ಬಳಕೆ ಪ್ರಮಾಣಪತ್ರ ಸಿದ್ಧಪಡಿಸುವುದು ಇವೆಲ್ಲ ನಿಧಾನವಾಗಿಯಾದರೂ ತಪ್ಪಿಲ್ಲದೆ ನಡೆಯುತ್ತವೆ. ಖಾಸಗಿ ಕಂಪನಿಯ ಒಪ್ಪಂದ ಬಂದಾಗ ಮಾತ್ರ ಕಥೆ ಬೇರೆ. 2023ರಲ್ಲಿ ಒಂದು ಕಂಪನಿ ನಮ್ಮ ಪ್ರಯೋಗಾಲಯದೊಂದಿಗೆ ಕೆಲಸ ಮಾಡಲು ಮುಂದೆ ಬಂದು 14 ಪುಟಗಳ ಕರಡನ್ನು ಕಳುಹಿಸಿತು. ಯೋಜನಾ ವಿಭಾಗ ಅದರಲ್ಲಿ ಪರಿಶೀಲಿಸಿದ್ದು ಎರಡನ್ನೇ: ಆಡಳಿತ ವೆಚ್ಚಕ್ಕೆಂದು ವಿಶ್ವವಿದ್ಯಾಲಯಕ್ಕೆ ಬರಬೇಕಾದ ಓವರ್‌ಹೆಡ್ ಶೇಕಡಾವಾರು ಸರಿಯಿದೆಯೇ, ಛಾಪಾಕಾಗದದ ಮೌಲ್ಯ ಸರಿಯಿದೆಯೇ. ಎರಡೂ ಸರಿಯಿದ್ದವು. ಕುಲಸಚಿವರ ಸಹಿಗೆ ಕಡತ ಮೇಲೆ ಹೋಯಿತು, ಸಹಿಯೂ ಆಯಿತು. ನನ್ನ ಸಹಿ ಅದಕ್ಕೂ ಮೊದಲೇ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂಬತ್ತನೆಯ ಷರತ್ತಿನಲ್ಲಿ ಹೀಗೆ ಇತ್ತು: ಈ ಯೋಜನೆಯಿಂದ ಹುಟ್ಟುವ ಹಾಗೂ ಈ ಯೋಜನೆಗೆ ಸಂಬಂಧಿಸಿದ ಎಲ್ಲ ಬೌದ್ಧಿಕ ಆಸ್ತಿಯೂ ಕಂಪನಿಗೆ ಸೇರತಕ್ಕದ್ದು. ‘ಹುಟ್ಟುವ’ ಎಂಬುದರಲ್ಲಿ ತಕರಾರಿಲ್ಲ, ಹಣ ಕೊಟ್ಟವರು ಕೇಳುವುದು ಸಹಜ. ‘ಸಂಬಂಧಿಸಿದ’ ಎಂಬ ಪದ ಮಾತ್ರ ಹಿಂದಕ್ಕೂ ಕೈ ಚಾಚುತ್ತದೆ. ಕಂಪನಿ ಬರುವ ಮೊದಲೇ ಕೇಂದ್ರ ಸರ್ಕಾರದ ಅನುದಾನದಲ್ಲಿ ನನ್ನ ವಿದ್ಯಾರ್ಥಿಗಳು ರೂಪಿಸಿದ್ದ ಮೂಲ ವಿಧಾನವೂ ಯೋಜನೆಗೆ ಸಂಬಂಧಿಸಿದ್ದೇ ಅಲ್ಲವೇ? ಇದೇ ಒಪ್ಪಂದದಲ್ಲಿ, ಫಲಿತಾಂಶ ಪ್ರಕಟಿಸುವ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಬೇಕು ಎಂದಿತ್ತೇ ಹೊರತು, ಎಷ್ಟು ದಿನದೊಳಗೆ ಅವರು ಉತ್ತರ ಕೊಡಬೇಕು ಎಂಬುದಿರಲಿಲ್ಲ. ಮೂವತ್ತು ದಿನ, ಅರವತ್ತು ದಿನ ಎಂದು ಒಂದು ಗಡುವನ್ನು ಬರೆಯಿಸಿದ್ದರೆ ಸಾಕಿತ್ತು; ಗಡುವಿಲ್ಲದ ಕಾರಣ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಒಂದು ಅಧ್ಯಾಯ ಅವರ ಮೇಜಿನ ಮೇಲೆ ಮಲಗಿತು. ತಿದ್ದುಪಡಿ ಒಪ್ಪಂದ ಮಾಡಿಸಿ ಇವೆರಡನ್ನೂ ಸರಿಪಡಿಸಲು ಏಳು ತಿಂಗಳು ಹಿಡಿಯಿತು. ಕಂಪನಿಯವರು ಕೆಟ್ಟವರೇನಲ್ಲ, ಕೇಳಿದಾಗ ಕೊಟ್ಟರು. ಮೊದಲೇ ಕೇಳುವವರು ನಮ್ಮ ಕಡೆ ಇರಲಿಲ್ಲ, ಅಷ್ಟೇ.

ಇಲ್ಲಿ ಕಾನೂನಿನ ಹಿನ್ನೆಲೆಯನ್ನು ತುಸು ಹೇಳಬೇಕು. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆ ಬಂದ ಮೇಲೆ, ಸರ್ಕಾರಿ ಹಣದ ಸಂಶೋಧನೆಯಿಂದ ಬಂದ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಲು ದಾರಿಯಾಯಿತು. ನಮ್ಮಲ್ಲಿಯೂ ಅದೇ ಜಾಡಿನ ಒಂದು ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದಿತ್ತು, ಆದರೆ ಅದು ಕಾನೂನಾಗಲಿಲ್ಲ. ಹಾಗಾಗಿ ಭಾರತದ ವಿಶ್ವವಿದ್ಯಾಲಯಗಳಲ್ಲಿ ಯಾರಿಗೆ ಏನು ಸೇರಬೇಕು ಎಂಬುದನ್ನು ಅನುದಾನದ ಷರತ್ತುಗಳು, ವಿಶ್ವವಿದ್ಯಾಲಯದ ಸ್ವಂತ ಬೌದ್ಧಿಕ ಆಸ್ತಿ ನೀತಿ ಮತ್ತು ಸಹಿಯಾದ ಒಪ್ಪಂದದ ಪದಗಳು ನಿರ್ಧರಿಸುತ್ತವೆ. ಕೆಲಸಕ್ಕಿರುವವನು ಬರೆದದ್ದಕ್ಕೆ ಮಾಲೀಕನೇ ಮೊದಲ ಹಕ್ಕುದಾರ ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಕೆಲವು ಷರತ್ತುಗಳೊಂದಿಗೆ ಹೇಳುತ್ತದೆ. 1970ರ ಪೇಟೆಂಟ್ ಕಾಯ್ದೆಯಲ್ಲಿ ಅಂಥ ಮಾತಿಲ್ಲ. ಅಲ್ಲಿ ಹಕ್ಕು ಮೊದಲು ನಿಜವಾದ ಆವಿಷ್ಕಾರಕನದು, ಆತ ಬರೆದುಕೊಟ್ಟರೆ ಮಾತ್ರ ಬೇರೆಯವರದು. ಬರೆದುಕೊಡುವ ಆ ಕಾಗದದ ಮೇಲೆ ಎಷ್ಟೊಂದು ಭಾರ ಬೀಳುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಆ ಕಾಗದದಲ್ಲಿ ಒಂದು ಕ್ರಿಯಾಪದ ಎಷ್ಟು ತೂಗುತ್ತದೆ ಎಂಬುದಕ್ಕೆ 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸ್ಟ್ಯಾನ್‌ಫೋರ್ಡ್ ಮತ್ತು ಔಷಧ ಕಂಪನಿ ರೋಶ್ ನಡುವಿನ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ರಕ್ತದಲ್ಲಿ ಎಚ್‌ಐವಿ ಪ್ರಮಾಣವನ್ನು ಅಳೆಯುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದ ಸಂಶೋಧಕರೊಬ್ಬರು, ಆವಿಷ್ಕಾರದ ಹಕ್ಕನ್ನು ವರ್ಗಾಯಿಸಲು ಒಪ್ಪಿದ್ದೇನೆ ಎಂದು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದರು. ಆಮೇಲೆ ತಂತ್ರ ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ, ಈ ಮೂಲಕ ವರ್ಗಾಯಿಸಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿದರು. ನಮ್ಮೂರಿನ ಉಪನೋಂದಣಾಧಿಕಾರಿಗಳ ಕಚೇರಿಯ ಮುಂದೆ ಕುಳಿತ ಪತ್ರಬರಹಗಾರರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಯೇ ಇಲ್ಲ: ಮೊದಲನೆಯದು ಕ್ರಯದ ಕರಾರು, ಎರಡನೆಯದು ಶುದ್ಧ ಕ್ರಯಪತ್ರ. ಸೀಟಸ್‌ನ ಆ ಹಕ್ಕು ಮುಂದೆ ರೋಶ್ ಕೈಗೆ ಬಂದಿತ್ತು. ಬೇ-ಡೋಲ್ ಕಾಯ್ದೆ ತಾನಾಗಿಯೇ ವಿಶ್ವವಿದ್ಯಾಲಯಕ್ಕೆ ಹಕ್ಕನ್ನು ತಂದುಕೊಡುವುದಿಲ್ಲ ಎಂದು ನ್ಯಾಯಾಲಯ 7–2ರ ಬಹುಮತದಲ್ಲಿ ಹೇಳಿತು, ಸ್ಟ್ಯಾನ್‌ಫೋರ್ಡ್ ಸೋತಿತು. ನಮ್ಮ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು ಸಹಿ ಮಾಡುವ ನಮೂನೆಯನ್ನು ತೆಗೆದು ನೋಡಿದೆ. ‘ವರ್ಗಾಯಿಸಲು ಒಪ್ಪಿರುತ್ತೇನೆ’ ಎಂದೇ ಇದೆ. ತಿಳಿಸಿ ಎರಡು ವರ್ಷವಾಯಿತು, ನಮೂನೆ ಬದಲಾಗಿಲ್ಲ.

ಬೌದ್ಧಿಕ ಆಸ್ತಿ ಕೋಶಕ್ಕೆ ಮೂರು ಅಂಕ ಕೊಟ್ಟದ್ದು ಅಲ್ಲಿರುವ ಇಬ್ಬರ ಶ್ರದ್ಧೆಗೆ. ಹೆಚ್ಚು ಕೊಡಲಾಗದಿರುವುದಕ್ಕೆ ಕಾರಣ, ಅವರಿಗೆ ಸುದ್ದಿ ಯಾವಾಗಲೂ ತಡವಾಗಿ ತಲುಪುತ್ತದೆ. ನಾನು ಮೊದಲ ಬಾರಿ ಹೋದಾಗ ಅಲ್ಲಿನ ಸಹಾಯಕಿ ಎರಡು ಪುಟದ ಪ್ರಶ್ನಾವಳಿ ಕೊಟ್ಟು, “ಇದನ್ನ ಎಲ್ಲಾದರೂ ಹೇಳಿದ್ದೀರಾ ಸರ್? ಪೋಸ್ಟರ್, ಸೆಮಿನಾರ್, ವಾಟ್ಸ್‌ಆ್ಯಪ್ ಗುಂಪು, ಏನಾದರೂ?” ಎಂದು ಕೇಳಿದರು. ಇಷ್ಟು ನೇರವಾದ, ಇಷ್ಟು ಉಪಯುಕ್ತವಾದ ಪ್ರಶ್ನೆಯನ್ನು ಕಚೇರಿಯಲ್ಲಿ ಕೇಳಿದ್ದು ನನಗೆ ಅದೇ ಮೊದಲು. ಅರ್ಜಿಗೆ ಮೊದಲೇ ಬಹಿರಂಗವಾದದ್ದು ಹೊಸದೆನಿಸದೆ ಪೇಟೆಂಟ್ ಕೈತಪ್ಪಬಹುದು. ನಾವು ಹೇಳಿದ್ದೆವು. ಒಂದು ವಿದ್ವತ್ ಪರಿಷತ್ತಿನ ಸಮ್ಮೇಳನದಲ್ಲಿ ವಿದ್ಯಾರ್ಥಿನಿ ನನ್ನ ಹೆಸರಿನೊಂದಿಗೆ ಪ್ರಬಂಧ ಓದಿದ್ದಳು, ಅದು ಅವರ ನಡಾವಳಿಯಲ್ಲಿ ಅಚ್ಚಾಗಿತ್ತು. ವಿದ್ವತ್ ಸಂಘದ ಮುಂದೆ ಆವಿಷ್ಕಾರಕನೇ ಓದಿದ ಪ್ರಬಂಧಕ್ಕೆ ನಮ್ಮ ಪೇಟೆಂಟ್ ಕಾಯ್ದೆಯ 31ನೆಯ ಕಲಂ 12 ತಿಂಗಳ ವಿನಾಯಿತಿ ಕೊಡುತ್ತದೆ, ಆದ್ದರಿಂದ ಭಾರತದಲ್ಲಿ ಅರ್ಜಿ ಉಳಿಯಿತು. ಯುರೋಪಿನಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಅಲ್ಲಿನ ಬಾಗಿಲು ಆ ಸಮ್ಮೇಳನದ ಮಧ್ಯಾಹ್ನವೇ ಮುಚ್ಚಿತ್ತು.

ಪಿಎಚ್‌ಡಿ ಪ್ರಬಂಧದ ವಿಚಾರದಲ್ಲಿ ಒಂದು ಕೈ ಮಾಡುವುದು ಇನ್ನೊಂದು ಕೈಗೆ ತಿಳಿಯುವುದಿಲ್ಲ. ಯುಜಿಸಿ ನಿಯಮದಂತೆ ಪದವಿ ಪಡೆದ ಪ್ರಬಂಧದ ವಿದ್ಯುನ್ಮಾನ ಪ್ರತಿ ಗ್ರಂಥಾಲಯಗಳ ರಾಷ್ಟ್ರೀಯ ಜಾಲವಾದ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು, ಅಲ್ಲಿಂದ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಅದು ಒಳ್ಳೆಯ ನಿಯಮವೇ. ಆದರೆ ಗ್ರಂಥಾಲಯ ಪ್ರಬಂಧವನ್ನು ಏರಿಸುವ ಮೊದಲು ಪೇಟೆಂಟ್ ಅರ್ಜಿ ಬಾಕಿ ಇದೆಯೇ ಎಂದು ಕೋಶವನ್ನು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಗ್ರಂಥಾಲಯಕ್ಕೆ ತನ್ನ ಗುರಿ, ಕೋಶಕ್ಕೆ ತನ್ನ ಗುರಿ. ನಡುವೆ ಒಂದು ಇಮೇಲ್ ಸಾಕು, ಅದನ್ನು ಕಳುಹಿಸುವುದು ಯಾರ ಕೆಲಸ ಎಂದು ಎಲ್ಲೂ ಬರೆದಿಲ್ಲ.

ಖರ್ಚಿನ ವಿಚಾರದಲ್ಲಿ ಮಾತ್ರ ದೂರಲು ಏನೂ ಉಳಿದಿಲ್ಲ. 2021ರ ಸೆಪ್ಟೆಂಬರ್‌ನ ತಿದ್ದುಪಡಿಯಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇಕಡಾ 80 ರಿಯಾಯಿತಿ ಸಿಕ್ಕಿದ್ದು, ಮೊದಲು 8,000 ರೂಪಾಯಿ ಇದ್ದ ಆನ್‌ಲೈನ್ ಅರ್ಜಿ ಶುಲ್ಕ ನಮಗೆ 1,600ಕ್ಕೆ ಇಳಿದಿದೆ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ; ಆದರೆ ಎಲ್ಲವೂ ಆನ್‌ಲೈನ್ ಆಗಿರುವುದರಿಂದ ರೈಲು ಹತ್ತುವ ಕೆಲಸವಿಲ್ಲ. 2024ರ ಮಾರ್ಚ್‌ನಲ್ಲಿ ಪೇಟೆಂಟ್ ಅರ್ಜಿಯ ಪರೀಕ್ಷೆಗಾಗಿ ಕೋರಿಕೆ ಸಲ್ಲಿಸುವ ಅವಧಿ 48 ತಿಂಗಳಿಂದ 31 ತಿಂಗಳಿಗೆ ಇಳಿದದ್ದನ್ನು ನಮ್ಮ ಕೋಶ ಆ ವಾರವೇ ಸುತ್ತೋಲೆ ಹೊರಡಿಸಿ ತಿಳಿಸಿತ್ತು. ಉಪ್ಪಾಗೆಯಂಥ ಜೈವಿಕ ಸಂಪನ್ಮೂಲ ಬಳಸಿದ್ದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲಿಗೂ ಹೋಗಬೇಕಾಗುತ್ತದೆ ಎಂದು ನೆನಪಿಸಿದ್ದೂ ಅವರೇ. ಕಾಡಿನ ಅಂಚಿನ ಮನೆಗಳಲ್ಲಿ ಮಳೆಗಾಲವಿಡೀ ಸೌದೆ ಉರಿಸಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಆ ಸಿಪ್ಪೆ ಒಣಗಿಸುವವರಿಗೆ ಲಾಭದಲ್ಲಿ ಸಲ್ಲಬೇಕಾದ ಪಾಲಿನ ಪ್ರಶ್ನೆ ಜೀವವೈವಿಧ್ಯ ಕಾಯ್ದೆಯೊಳಗೆ ಇದೆ ಎಂಬುದು ನನಗೆ ಆ ಅರ್ಜಿ ತುಂಬುವಾಗಲೇ ಅರ್ಥವಾದದ್ದು.

ಇನ್ನು ಖರೀದಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಏನನ್ನಾದರೂ ಕೊಳ್ಳುವವನು ಎರಡು ಮನೆಯ ಅಳಿಯನಿದ್ದಂತೆ. ರಾಜ್ಯದ ವಿಶ್ವವಿದ್ಯಾಲಯವಾದ್ದರಿಂದ ಕೆಟಿಪಿಪಿ ಎಂದೇ ಎಲ್ಲರೂ ಕರೆಯುವ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯನ್ನು ಪಾಲಿಸಬೇಕು. ಹಣ ಕೇಂದ್ರದಿಂದ ಬಂದಿದ್ದರೆ ಮಂಜೂರಾತಿ ಪತ್ರದಲ್ಲಿ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಸ್ತಾಪ ಇರುತ್ತದೆ, ಅದರ ಬೆನ್ನಿಗೇ 2016ರಲ್ಲಿ ಆರಂಭವಾದ, ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಬರುತ್ತದೆ. ಜೆಮ್‌ನಲ್ಲಿ ಕುರ್ಚಿ, ಪ್ರಿಂಟರ್, ಟೋನರ್ ಕೊಳ್ಳುವುದು ಸಲೀಸು. ಒಂದು ನಿರ್ದಿಷ್ಟ ಶುದ್ಧತೆಯ ದ್ರಾವಕವನ್ನೋ, ನಾಲ್ಕು ಮಂದಿ ಮಾತ್ರ ತಯಾರಿಸುವ ಉಪಕರಣವನ್ನೋ ಹುಡುಕುವಾಗ ಅದು ಜಾತ್ರೆಯಲ್ಲಿ ಸೂಜಿ ಹುಡುಕಿದಂತೆ. ಇದು ನನ್ನೊಬ್ಬನ ಗೋಳಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಕೇಂದ್ರ ಸರ್ಕಾರವೇ 2025ರ ಜೂನ್‌ನಲ್ಲಿ ವೈಜ್ಞಾನಿಕ ಸಂಸ್ಥೆಗಳಿಗೆ ನಿಯಮವನ್ನು ಸಡಿಲಿಸಿತು: ಸಂಸ್ಥೆಯ ಮುಖ್ಯಸ್ಥರು ಒಪ್ಪಿದರೆ ವೈಜ್ಞಾನಿಕ ಉಪಕರಣಗಳನ್ನು ಜೆಮ್‌ನ ಹೊರಗೆ ಕೊಳ್ಳಬಹುದು, ಕೊಟೇಷನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಹೋಯಿತು. ಆ ಆದೇಶವನ್ನು ಮುದ್ರಿಸಿಕೊಂಡು ಹಿಗ್ಗುತ್ತ ಹಣಕಾಸು ವಿಭಾಗಕ್ಕೆ ಹೋದೆ. ಅದು ಕೇಂದ್ರದ ಸಂಸ್ಥೆಗಳಿಗೆ, ನಮ್ಮ ಆಡಳಿತ ಮಂಡಳಿಯಾದ ಸಿಂಡಿಕೇಟ್ ಅಳವಡಿಸಿಕೊಳ್ಳುವವರೆಗೆ ನಮಗಲ್ಲ ಎಂದು ತಿಳಿದುಬಂತು. ಮುದ್ರಿಸಿದ ಹಾಳೆಯ ಹಿಂಬದಿ ಈಗ ಲೆಕ್ಕ ಮಾಡಲು ಉಪಯೋಗಕ್ಕೆ ಬರುತ್ತಿದೆ.

ಇಷ್ಟೆಲ್ಲ ಇದ್ದೂ ನಾಲ್ಕು ಅಂಕ ಏಕೆ ಎಂದರೆ, ಮಾದರಿಯನ್ನು ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯರ್ ಎಂಬ ಯಂತ್ರದ ಕಡತದಲ್ಲಿ ನಾನು ಕಂಡದ್ದರಿಂದ. 2022ರ ಆರಂಭದಲ್ಲಿ ಮಂಜೂರಾದ ಯೋಜನೆಯಲ್ಲಿ ಅದಕ್ಕೆ 12.60 ಲಕ್ಷ ರೂಪಾಯಿ ಇತ್ತು: ಯಂತ್ರದ ಬೆಲೆ 12 ಲಕ್ಷ, ಸಂಶೋಧನಾ ಉಪಕರಣಗಳಿಗಿದ್ದ ರಿಯಾಯಿತಿ ದರದ ಜಿಎಸ್‌ಟಿ ಶೇಕಡಾ 5ರಂತೆ 60,000. ಆ ರಿಯಾಯಿತಿ 2022ರ ಜುಲೈ 18ರಿಂದ ರದ್ದಾಯಿತು. ಶೇಕಡಾ 18ರಂತೆ ತೆರಿಗೆ 2.16 ಲಕ್ಷ, ಒಟ್ಟು 14.16 ಲಕ್ಷ, ಅಂದರೆ ಯಂತ್ರ ಒಂದು ಸ್ಕ್ರೂ ಕೂಡ ಬದಲಾಗದೆ 1.56 ಲಕ್ಷ ದುಬಾರಿ. ಇದನ್ನು ಹಿಡಿದು ನನಗೆ ಫೋನ್ ಮಾಡಿದವರು ಖರೀದಿ ವಿಭಾಗದ ಸೂಪರಿಂಟೆಂಡೆಂಟ್. ಟೆಂಡರ್ ಕರೆದ ಮೇಲೆ ಹಣ ಸಾಲದು ಎಂದಾದರೆ ಇಡೀ ಪ್ರಕ್ರಿಯೆ ರದ್ದು ಮಾಡಬೇಕಾಗುತ್ತದೆ, ಮೊದಲೇ ಒಂದು ವೆಚ್ಚದ ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸಲು ಅನುದಾನ ಸಂಸ್ಥೆಗೆ ಬರೆಯಿರಿ ಎಂದರು. ಬರೆದೆ, ಒಪ್ಪಿಗೆ ಬಂತು.

ಅದಕ್ಕಿಂತ ದೊಡ್ಡ ಉಪಕಾರ ಆಮೇಲಿನದು. ತಾಂತ್ರಿಕ ವಿವರಣೆಯಲ್ಲಿ ನಾನು, ಆವಿಯನ್ನು ತಣಿಸಿ ಹಿಡಿಯುವ ಭಾಗವಾದ ಕಂಡೆನ್ಸರ್‌ನ ಉಷ್ಣತೆ ಸಾಕಷ್ಟು ಕಡಿಮೆ ಇರಬೇಕು, ಮೈನಸ್ 50 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಎಂದು ಬರೆದಿದ್ದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, “ಸಾಕಷ್ಟು ಅನ್ನೋ ಪದ ಟೆಂಡರಿನಲ್ಲಿ ಇರಬಾರದು ಸರ್. ನಿಮಗೆ ಎಷ್ಟು ಬೇಕು, ಯಾಕೆ ಬೇಕು, ಎರಡನ್ನೂ ಬರೀರಿ. ಇಲ್ಲದಿದ್ದರೆ ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ದರದವನಾಗಿ ಬಂದವನು ಮೈನಸ್ 55ರದ್ದು ತಂದು ಇಳಿಸ್ತಾನೆ, ನಾವು ಬೇಡ ಅನ್ನೋ ಹಾಗಿಲ್ಲ” ಎಂದರು. ನಮ್ಮ ಮಾದರಿಗಳಲ್ಲಿ ನೀರಿನ ಜೊತೆ ಎಥನಾಲ್ ಇರುತ್ತದೆ. ಬರೀ ನೀರಿಗೆ ಮೈನಸ್ 55 ಸಾಕು. ಎಥನಾಲ್ ಬೆರೆತಿದ್ದರೆ ಮೈನಸ್ 80ರ ಆಸುಪಾಸಿನ ಕಂಡೆನ್ಸರ್ ಬೇಕು, ಇಲ್ಲವಾದರೆ ಆವಿ ಕಂಡೆನ್ಸರ್‌ನಲ್ಲಿ ಸಾಂದ್ರಗೊಳ್ಳದೆ ಪಂಪಿನೊಳಗೆ ನುಗ್ಗಿ ಅದರ ಎಣ್ಣೆಯನ್ನು ಹಾಳು ಮಾಡುತ್ತದೆ. ಇಪ್ಪತ್ತು ವರ್ಷ ಇದನ್ನು ಪಾಠ ಮಾಡಿದವನು ನಾನು. ಆ ಸಾಲನ್ನು ನಾನು ಎಷ್ಟು ಅಸಡ್ಡೆಯಿಂದ ಬರೆದಿದ್ದೆ ಎಂದು ತೋರಿಸಿದವರು ವಾಣಿಜ್ಯ ಪದವೀಧರರಾದ ಒಬ್ಬ ಸೂಪರಿಂಟೆಂಡೆಂಟ್. ಕಡಿಮೆ ದರದವನಿಗೇ ಕೊಡಬೇಕೆಂಬ ನಿಯಮ ಒಳ್ಳೆಯ ಉಪಕರಣವನ್ನು ಕೊಲ್ಲುತ್ತದೆ ಎಂದು ದೂರುವ ನಾವು, ಆ ನಿಯಮದಡಿಯಲ್ಲಿಯೇ ಬೇಕಾದದ್ದನ್ನು ಪಡೆಯಲು ಇರುವ ಒಂದೇ ಸಾಧನವಾದ ತಾಂತ್ರಿಕ ವಿವರಣೆಯನ್ನು ಬಹುಪಾಲು ಮಾರಾಟಗಾರರ ಕರಪತ್ರದಿಂದ ನಕಲು ಮಾಡುತ್ತೇವೆ. ಹಾಗೆ ನಕಲು ಮಾಡಿದ್ದೇ ಒಬ್ಬರಿಗೆ ಮಾತ್ರ ಹೊಂದುವ ವಿವರಣೆ ಎಂದು ಆಡಿಟ್ ಆಕ್ಷೇಪಣೆಗೆ ಗುರಿಯಾಗುವುದೂ ಉಂಟು.

ಕೈತಪ್ಪಿದ ಐದನೆಯ ಅಂಕದ ಲೆಕ್ಕ ಹೀಗಿದೆ: ಯಂತ್ರ ಬಂದ ದಿನ ಅದನ್ನು ಅಳವಡಿಸಲು ಪ್ರಯೋಗಾಲಯದಲ್ಲಿ ಬೇಕಾದ ವಿದ್ಯುತ್ ಲೈನ್ ಇರಲಿಲ್ಲ. ವಿದ್ಯುತ್ ಕೆಲಸ ಎಂಜಿನಿಯರಿಂಗ್ ವಿಭಾಗದ್ದು, ಖರೀದಿಯದಲ್ಲ ಎಂಬ ಉತ್ತರ ಬಂತು. ಅದು ನಿಜವೂ ಹೌದು. ಮರದ ಪೆಟ್ಟಿಗೆಯಲ್ಲಿ ಯಂತ್ರ ಹನ್ನೊಂದು ವಾರ ಮೊಗಸಾಲೆಯಲ್ಲಿ ನಿಂತಿತು, ವಾರಂಟಿ ಮಾತ್ರ ಇಳಿಸಿದ ದಿನದಿಂದಲೇ ಓಡುತ್ತಿತ್ತು. ಅಳವಡಿಸಿದ ದಿನದಿಂದ ವಾರಂಟಿ ಎಂದು ಖರೀದಿ ಆದೇಶದಲ್ಲಿ ಬರೆಯಿಸಿರಲಿಲ್ಲ. ಈಗ ಅವರ ಮಾದರಿ ಆದೇಶದಲ್ಲಿ ಆ ಸಾಲು ಸೇರಿದೆ.

ಖರೀದಿಯವರು ಹೀಗೆ ಪೆಟ್ಟು ತಿಂದಾಗಲೆಲ್ಲ ನಮೂನೆ ತಿದ್ದಿಕೊಳ್ಳುತ್ತಾರೆ, ಯೋಜನಾ ವಿಭಾಗ ತಿದ್ದಿಕೊಳ್ಳುವುದಿಲ್ಲ. ಏಕೆ ಎಂದು ಯೋಚಿಸಿದ್ದೇನೆ. ಖರೀದಿಯ ಪ್ರತಿ ಕಾಗದವನ್ನೂ ಮುಂದೊಂದು ದಿನ ಲೆಕ್ಕಪರಿಶೋಧಕರು ಬಿಚ್ಚಿ ಓದುತ್ತಾರೆ, ಆದ್ದರಿಂದ ಅಲ್ಲಿ ಬರೆಯುವವರೂ ಓದುತ್ತಾರೆ. ಕಂಪನಿಯ ಒಪ್ಪಂದದಲ್ಲಿ ವಿಶ್ವವಿದ್ಯಾಲಯ ಏನನ್ನು ಬಿಟ್ಟುಕೊಟ್ಟಿತು ಎಂಬುದು ಯಾವ ಆಡಿಟ್‌ನಲ್ಲಿಯೂ ಮೊತ್ತವಾಗಿ ಕಾಣುವುದಿಲ್ಲ. ಕಳೆದುಕೊಂಡ ಹಕ್ಕಿಗೆ ಬಿಲ್ಲು ಇರುವುದಿಲ್ಲವಲ್ಲ.

ಇದೇ ಓದಿನ ಕೊರತೆ ತೆರಿಗೆಯಲ್ಲೂ ಕಾಣಿಸಿಕೊಂಡಿತು. 2024ರಲ್ಲಿ ದೇಶದ ಕೆಲವು ಸಂಸ್ಥೆಗಳಿಗೆ ಸಂಶೋಧನಾ ಅನುದಾನದ ಮೇಲೆ ಜಿಎಸ್‌ಟಿ ಕೇಳಿ ನೋಟಿಸ್ ಹೋದಾಗ ಎಲ್ಲೆಡೆ ಗಾಬರಿಯಾಯಿತು. ಆ ವರ್ಷದ ಸೆಪ್ಟೆಂಬರ್ 9ರಂದು ನಡೆದ ಜಿಎಸ್‌ಟಿ ಮಂಡಳಿಯ 54ನೆಯ ಸಭೆ, ಸರ್ಕಾರಿ ಸಂಸ್ಥೆಗಳು ಮತ್ತು ಆದಾಯ ತೆರಿಗೆ ಕಾಯ್ದೆಯಡಿ ಅಧಿಸೂಚಿತವಾದ ವಿಶ್ವವಿದ್ಯಾಲಯಗಳು ಅನುದಾನದ ರೂಪದಲ್ಲಿ ಹಣ ಪಡೆದು ಮಾಡುವ ಸಂಶೋಧನೆಗೆ, ಆ ಅನುದಾನ ಸರ್ಕಾರದ್ದಿರಲಿ ಖಾಸಗಿಯವರದಿರಲಿ, ವಿನಾಯಿತಿ ಶಿಫಾರಸು ಮಾಡಿತು. ಅಕ್ಟೋಬರ್ 10ರಿಂದ ಅದು ಜಾರಿಗೆ ಬಂತು. ಗಮನಿಸಬೇಕಾದ ಪದ ‘ಅನುದಾನ’. ಸಲಹಾ ಶುಲ್ಕ ಎಂದೋ, ಇಂತಿಷ್ಟು ಮಾದರಿಗಳ ಪರೀಕ್ಷೆಗೆ ಇಂತಿಷ್ಟು ಎಂದೋ ಒಪ್ಪಂದದಲ್ಲಿ ಬರೆದರೆ ಈ ವಿನಾಯಿತಿಯ ನೆರಳು ಅಲ್ಲಿಗೆ ತಲುಪುವುದು ಕಷ್ಟ. ಸುಳ್ಳಾಗಿ ಅನುದಾನ ಎಂದು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಏನು ನಡೆಯುತ್ತಿದೆಯೋ ಅದಕ್ಕೆ ಸರಿಯಾದ ಹೆಸರನ್ನು ಸಹಿಗೆ ಮೊದಲೇ ಯಾರಾದರೂ ಆರಿಸಬೇಕು.

ಅದೇ ಕಂಪನಿ ಈಗ ಎರಡನೆಯ ಹಂತಕ್ಕೆ ಹೊಸ ಕರಡು ಕಳುಹಿಸಿದೆ, ಈ ಬಾರಿ 17 ಪುಟ. ಯೋಜನಾ ವಿಭಾಗಕ್ಕೆ ಕೊಡುವ ಮೊದಲು ಅದರ ಒಂದು ಪ್ರತಿಯನ್ನು ಖರೀದಿ ವಿಭಾಗದ ಆ ಸೂಪರಿಂಟೆಂಡೆಂಟರಿಗೆ ತೋರಿಸಿದೆ. ಅದು ಅವರ ಕೆಲಸವಲ್ಲ, ಆದರೂ ಊಟದ ಬಿಡುವಿನಲ್ಲಿ ಓದಿ ಮೂರು ಕಡೆ ಕೆಂಪು ಗೆರೆ ಎಳೆದುಕೊಟ್ಟರು. ಅದರಲ್ಲಿ ಒಂದು ‘ಸಂಬಂಧಿಸಿದ’ ಎಂಬುದರ ಕೆಳಗೆ. ತಿದ್ದಿದ ಕರಡು ಈಗ ಹತ್ತೊಂಬತ್ತು ದಿನಗಳಿಂದ ಮೇಲಿನ ಕಚೇರಿಯಲ್ಲಿದೆ. ತಂತ್ರಾಂಶದಲ್ಲಿ ಕಡತದ ಸಂಖ್ಯೆ ಹಾಕಿ ನೋಡಿದರೆ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸುತ್ತದೆ.